ಸೈಕಲ್ ಸವಾರಿಯಲ್ಲಿ ವ್ಯಯವಾದ ಕ್ಯಾಲೊರಿ: ಮಣಿಕಟ್ಟಿನ ಲೆಕ್ಕವನ್ನು ಓದುವ ಬಗೆ

ಸವಾರಿ ಮುಗಿಸಿ ಸೈಕಲ್ಲನ್ನು ಗೋಡೆಗೆ ಒರಗಿಸಿದೊಡನೆ ಇಂದಿನ ಸವಾರನ ದೃಷ್ಟಿ ಮೊದಲು ಹರಿಯುವುದು ತನ್ನ ಮಣಿಕಟ್ಟಿಗೆ ಕಟ್ಟಿದ ಬ್ಯಾಂಡಿನ ಕಡೆಗೆ. ಅಲ್ಲಿ ಕ್ರಮಿಸಿದ ದೂರ, ಸರಾಸರಿ ವೇಗ, ನಾಡಿಯ ಗತಿ ಇವುಗಳ ಸಾಲಿನಲ್ಲಿಯೇ, ಅವುಗಳಷ್ಟೇ ದೃಢವಾದ ಅಕ್ಷರಗಳಲ್ಲಿ, 'ವ್ಯಯವಾದ ಕ್ಯಾಲೊರಿ 512' ಎಂಬಂಥ ಒಂದು ಸಂಖ್ಯೆಯೂ ಮೂಡಿರುತ್ತದೆ. ಬಿಡಿಸ್ಥಾನದವರೆಗೂ ಬರೆದು ತೋರಿಸಿದ ಸಂಖ್ಯೆಯನ್ನು ಸಂದೇಹಿಸಲು ಮನಸ್ಸು ಒಡಂಬಡುವುದಿಲ್ಲ. ಯಂತ್ರವೇ ಅಳೆದು ಹೇಳಿದ ಮೇಲೆ ನಮ್ಮ ತರ್ಕವೇನು ಎಂದುಕೊಂಡು ಕೆಲವರು ಅದರ ಆಧಾರದ ಮೇಲೆ ಅಂದಿನ ಉಪಾಹಾರವನ್ನು ನಿಶ್ಚಯಿಸುತ್ತಾರೆ, ಕೆಲವರು ತೂಕ ಇಳಿಯುವ ದಿನವನ್ನು ಎಣಿಸುತ್ತಾರೆ, ಮತ್ತೆ ಕೆಲವರು ಸ್ನೇಹಿತನ ಸಂಖ್ಯೆ ತಮ್ಮದಕ್ಕಿಂತ ದೊಡ್ಡದಾಯಿತಲ್ಲಾ ಎಂದು ಖಿನ್ನರಾಗುತ್ತಾರೆ. ಆದರೆ ಆ ಸಾಲಿನಲ್ಲಿ ಕಾಣುವ ಸಂಖ್ಯೆಗಳೆಲ್ಲ ಒಂದೇ ಜಾತಿಯವಲ್ಲ. ದೂರವೂ ವೇಗವೂ ಉಪಗ್ರಹಗಳ ಸಂಕೇತದಿಂದ ದೊರೆತವು. ನಾಡಿಯ ಗತಿ ಚರ್ಮದ ಮೇಲೆ ಅಳೆದದ್ದು. ಕ್ಯಾಲೊರಿಯಾದರೋ ಅಳೆದದ್ದೇ ಅಲ್ಲ, ಅಳೆದ ಬೇರೆ ಸಂಗತಿಗಳಿಂದ ಊಹಿಸಿದ್ದು. ಈ ಭೇದವನ್ನು ಅರಿತವನಿಗೆ ಆ ಉಪಕರಣ ಒಳ್ಳೆಯ ಸಹಾಯಕ. ಅರಿಯದವನನ್ನು ಅದು ದಾರಿ ತಪ್ಪಿಸುವುದೂ ಉಂಟು. ಸೈಕಲ್ ಸವಾರನ ಭಾಗ್ಯವೇನೆಂದರೆ, ಓಡುವವನಿಗೂ ಈಜುವವನಿಗೂ ಸುಲಭವಾಗಿ ದೊರೆಯದ ಒಂದು ಅನುಕೂಲ ಅವನಿಗಿದೆ. ಮಣಿಕಟ್ಟು ಹೇಳಿದ ಲೆಕ್ಕವನ್ನು ಅವನು ಸ್ವಲ್ಪ ಗಣಿತದ ಸಹಾಯದಿಂದ ತಾನೇ ಒರೆಗೆ ಹಚ್ಚಿ ನೋಡಬಹುದು. ಆ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕ್ಯಾಲೊರಿಯನ್ನು ನಿಜವಾಗಿ ಅಳೆಯುವುದೆಂದರೆ

ಆಹಾರದ ಪ್ರಸ್ತಾಪದಲ್ಲಿ ನಾವು ಕ್ಯಾಲೊರಿಯೆಂದು ಕರೆಯುವುದು ವಾಸ್ತವವಾಗಿ ಕಿಲೊಕ್ಯಾಲೊರಿ. ಒಂದು ಕಿಲೊಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿಸಲು ಬೇಕಾಗುವ ಶಾಖದ ಪ್ರಮಾಣ ಅದು, 4.184 ಕಿಲೊಜೌಲ್‌ಗೆ ಸಮಾನವಾದದ್ದು. ಮನುಷ್ಯನ ದೇಹ ಇಂಥ ಎಷ್ಟು ಕ್ಯಾಲೊರಿಗಳನ್ನು ವ್ಯಯಿಸಿತೆಂಬುದನ್ನು ನಿಶ್ಚಯವಾಗಿ ತಿಳಿಯಬೇಕಾದರೆ, ಒಂದೋ ದೇಹದಿಂದ ಹೊರಬಿದ್ದ ಶಾಖವನ್ನೇ ಹಿಡಿದು ಅಳೆಯಬೇಕು, ಇಲ್ಲವೆ ಉಸಿರಾಟದಲ್ಲಿ ದೇಹ ಬಳಸಿದ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆದು ಅದರಿಂದ ಗಣಿಸಬೇಕು. ದೇಹ ಬಳಸಿದ ಪ್ರತಿಯೊಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೊಕ್ಯಾಲೊರಿ ಎಂಬುದು ಶರೀರಶಾಸ್ತ್ರಜ್ಞರು ಬಳಸುವ ಸ್ಥೂಲವಾದ ಸೂತ್ರ.

ಈ ಶಾಸ್ತ್ರದ ಚರಿತ್ರೆಗೂ ಸೈಕಲ್ಲಿಗೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಮಿಡ್ಲ್‌ಟೌನ್ ಪಟ್ಟಣದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞರಾದ ವಿಲ್ಬರ್ ಆಟ್‌ವಾಟರ್ ಅವರೂ ಭೌತಶಾಸ್ತ್ರಜ್ಞರಾದ ಎಡ್ವರ್ಡ್ ರೋಸಾ ಅವರೂ ಕೂಡಿ, ಮನುಷ್ಯನೊಬ್ಬನು ಒಳಗೇ ಉಂಡು ಮಲಗಿ ದುಡಿದು ದಿನಗಟ್ಟಲೆ ಇರಬಹುದಾದಂಥ, ಸಣ್ಣ ಕೋಣೆಯಷ್ಟು ದೊಡ್ಡದಾದ ಒಂದು ಕ್ಯಾಲೊರಿಮಾಪಕವನ್ನು ನಿರ್ಮಿಸಿದರು. ಆ ಮುಚ್ಚಿದ ಕೋಣೆಯೊಳಗೆ ದೇಹಶ್ರಮದ ಪ್ರಯೋಗ ನಡೆಸಬೇಕಾಗಿ ಬಂದಾಗ ಅವರು ಆರಿಸಿಕೊಂಡ ಸಾಧನ ನಿಂತಲ್ಲೇ ತುಳಿಯುವ ಸೈಕಲ್. ಮುಂದೆ 1913ರಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಮತ್ತು ಎಡ್ವರ್ಡ್ ಕ್ಯಾತ್‌ಕಾರ್ಟ್ ಅವರು ವೃತ್ತಿಪರ ಸೈಕಲ್ ಪಟುವೊಬ್ಬನನ್ನು ಇಂಥದೇ ಯಂತ್ರದ ಮೇಲೆ ಕೂರಿಸಿ, ದೇಹವನ್ನು ಒಂದು ಎಂಜಿನ್ನೆಂದು ಭಾವಿಸಿದರೆ ಅದರ ದಕ್ಷತೆ ಎಷ್ಟೆಂಬುದನ್ನು ವಿಸ್ತಾರವಾಗಿ ಪರೀಕ್ಷಿಸಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಸೈಕಲ್ಲನ್ನೇ ಆರಿಸಿದುದಕ್ಕೆ ಕಾರಣವಿದೆ. ಸವಾರನ ಭಾರವನ್ನು ಸೀಟು ಹೊರುತ್ತದೆ, ದೇಹದ ಮೇಲ್ಭಾಗ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ, ಕಾಲುಗಳು ಒಂದೇ ವೃತ್ತದಲ್ಲಿ ಸುತ್ತುತ್ತವೆ. ಹೀಗಾಗಿ ಪೆಡಲಿಗೆ ಸಂದ ಕೆಲಸವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯಬಹುದು. ಇಂಥ ಪರೀಕ್ಷೆಗಳಿಂದ ತಿಳಿದ ಮುಖ್ಯ ಸಂಗತಿ ಇದು: ಸೈಕಲ್ ತುಳಿಯುವವನ ದೇಹ ವ್ಯಯಿಸುವ ಶಕ್ತಿಯಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 25ರಷ್ಟು ಮಾತ್ರ ಪೆಡಲನ್ನು ಸೇರುತ್ತದೆ, ಉಳಿದದ್ದು ಶಾಖವಾಗಿ ಹೊರಗೆ ಹೋಗುತ್ತದೆ, ಮತ್ತು ಈ ಪ್ರಮಾಣ ಒಬ್ಬ ಸವಾರನಿಂದ ಇನ್ನೊಬ್ಬನಿಗೆ ಬಹಳ ವ್ಯತ್ಯಾಸವಾಗುವುದಿಲ್ಲ. ಮುಂದೆ ಹೇಳಲಿರುವ ಪರೀಕ್ಷೆಗೆಲ್ಲ ಇದೇ ತಳಹದಿ.

ಮಣಿಕಟ್ಟಿನ ಉಪಕರಣ ಮಾಡುವ ಕೆಲಸ

ಕೈಯಲ್ಲಿ ಕಟ್ಟಿಕೊಂಡ ಬ್ಯಾಂಡು ಶಾಖವನ್ನೂ ಅಳೆಯುವುದಿಲ್ಲ, ಆಮ್ಲಜನಕದ ವ್ಯಯವನ್ನೂ ಅಳೆಯುವುದಿಲ್ಲ. ಅದನ್ನು ಬಿಚ್ಚಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಹಸಿರು ಬೆಳಕಿನ ಚಿಕ್ಕ ದೀಪಗಳು ಮಿನುಗುತ್ತಿರುವುದನ್ನು ಕಾಣಬಹುದು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗಿನ ಸೂಕ್ಷ್ಮನಾಳಗಳಲ್ಲಿ ರಕ್ತ ತುಂಬಿ, ಹಿಂದಿರುಗುವ ಬೆಳಕು ಕ್ಷಣಕಾಲ ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ಉಪಕರಣ ನಾಡಿಯ ಗತಿಯನ್ನು ನಿರ್ಣಯಿಸುತ್ತದೆ. ಅದರೊಡನೆ ಕೈಯ ಚಲನೆಯನ್ನು ಗುರುತಿಸುವ ಒಂದು ಸಂವೇದಕವೂ ಇರುತ್ತದೆ. ನಡೆಯುವಾಗ ತೋಳು ಬೀಸುವುದರಿಂದ ಈ ಎರಡನೆಯ ಸಂವೇದಕ ಬಹಳ ಪ್ರಯೋಜನಕಾರಿ. ಸೈಕಲ್ಲಿನ ಮೇಲಾದರೆ ಕೈ ಹ್ಯಾಂಡಲ್ಲನ್ನು ಹಿಡಿದು ನಿಶ್ಚಲವಾಗಿರುವುದರಿಂದ, ಕಾಲುಗಳು ಎಷ್ಟೇ ಶ್ರಮಿಸುತ್ತಿದ್ದರೂ ಅದಕ್ಕೆ ಅದರ ಸುಳಿವು ಹತ್ತುವುದಿಲ್ಲ. ಹೆಜ್ಜೆಗಳನ್ನು ಮಾತ್ರ ಎಣಿಸುವ ಅಗ್ಗದ ಬ್ಯಾಂಡುಗಳು ಒಂದು ಗಂಟೆಯ ಕಠಿಣ ಸವಾರಿಯನ್ನೂ ವಿಶ್ರಾಂತಿಯೆಂದೇ ದಾಖಲಿಸುವುದು ಈ ಕಾರಣದಿಂದ. ಆದುದರಿಂದ ಸೈಕಲ್ ಸವಾರಿಯಲ್ಲಿ ಮಣಿಕಟ್ಟಿನ ಲೆಕ್ಕಕ್ಕೆಲ್ಲ ಆಧಾರ ನಾಡಿಯೊಂದೇ ಎಂದರೂ ತಪ್ಪಾಗದು.

ನಾಡಿಯಿಂದ ಕ್ಯಾಲೊರಿಗೆ ಹೋಗುವ ದಾರಿ ಸೂತ್ರಗಳದ್ದು. ಪ್ರತಿಯೊಂದು ಕಂಪನಿಯೂ ತನ್ನ ಸೂತ್ರವನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೂ, ಅವುಗಳ ಸ್ವರೂಪವನ್ನು ತಿಳಿಯಲು 2005ರಲ್ಲಿ ಕೀಟೆಲ್ ಮತ್ತು ಸಹಸಂಶೋಧಕರು ಪ್ರಕಟಿಸಿದ ಪ್ರಸಿದ್ಧ ಸೂತ್ರವನ್ನು ನೋಡಿದರೆ ಸಾಕು. ಅದರಲ್ಲಿ ನಾಡಿಯ ಗತಿ, ತೂಕ, ವಯಸ್ಸು, ಸ್ತ್ರೀ ಪುರುಷ ಭೇದ ಇಷ್ಟೇ ಇವೆ. ಆ ಸೂತ್ರದ ಪ್ರಕಾರ 40 ವರ್ಷದ, 65 ಕಿಲೊ ತೂಕದ ಪುರುಷನ ನಾಡಿ ಗಂಟೆಯುದ್ದಕ್ಕೂ ನಿಮಿಷಕ್ಕೆ 120ರಂತೆ ಬಡಿದರೆ ವ್ಯಯ ಸುಮಾರು 597 ಕಿಲೊಕ್ಯಾಲೊರಿ. 130ರಂತೆ ಬಡಿದರೆ ಸುಮಾರು 687. ನಿಮಿಷಕ್ಕೆ ಹತ್ತು ಬಡಿತ ಹೆಚ್ಚಾದರೆ ಗಂಟೆಗೆ 90 ಕಿಲೊಕ್ಯಾಲೊರಿ ಹೆಚ್ಚಾಯಿತು! ಆ ಹತ್ತು ಬಡಿತಗಳು ಜೋರಾಗಿ ತುಳಿದದ್ದರಿಂದಲೇ ಬಂದಿದ್ದರೆ ಲೆಕ್ಕ ನ್ಯಾಯವಾದದ್ದೇ. ಆದರೆ ಬಿಸಿಲಿನಿಂದ, ನೀರು ಕುಡಿಯದೆ ಇದ್ದುದರಿಂದ, ಹಿಂದಿನ ರಾತ್ರಿ ನಿದ್ರೆಗೆಟ್ಟಿದ್ದರಿಂದ, ಹೊರಡುವ ಮೊದಲು ಕುಡಿದ ಗಟ್ಟಿ ಕಾಫಿಯಿಂದ, ಅಥವಾ ಬೆನ್ನ ಹಿಂದೆಯೇ ಲಾರಿಯೊಂದು ಹಾರ್ನ್ ಮಾಡಿದ್ದರಿಂದ ಬಂದಿದ್ದರೂ ಸೂತ್ರ ಅದನ್ನು ಶ್ರಮವೆಂದೇ ಗಣಿಸುತ್ತದೆ.

ಈ ಉಪಕರಣಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವರಿದ್ದಾರೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿ ಸ್ವಯಂಸೇವಕರಿಗೆ ಏಳು ಬಗೆಯ ಮಣಿಕಟ್ಟಿನ ಉಪಕರಣಗಳನ್ನು ತೊಡಿಸಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಉಸಿರಿನ ಅನಿಲಗಳ ನೇರ ಅಳತೆಯೊಡನೆ ಹೋಲಿಸಿ ನೋಡಿದರು. ಏಳರಲ್ಲಿ ಆರು ಉಪಕರಣಗಳು ನಾಡಿಯ ಗತಿಯನ್ನು ಶೇಕಡ 5ರೊಳಗಿನ ದೋಷದಲ್ಲಿ ಹೇಳಿದವು. ಸೈಕಲ್ ತುಳಿಯುವಾಗಲಂತೂ ನಾಡಿಯ ಅಳತೆಯಲ್ಲಿ ತಪ್ಪು ಅತ್ಯಲ್ಪವಾಗಿತ್ತು. ಆದರೆ ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮವಾದ ಉಪಕರಣದ ಸರಾಸರಿ ದೋಷವೇ ಶೇಕಡ 27 ಇದ್ದಿತು. ಎಲ್ಲಕ್ಕಿಂತ ಕೆಳಮಟ್ಟದ್ದರದು ಶೇಕಡ 93. ಅಂದಿನಿಂದ ಉಪಕರಣಗಳು ಸುಧಾರಿಸಿರುವುದು ನಿಜವಾದರೂ, ಅಳೆಯುವುದು ನಾಡಿಯನ್ನು, ಹೇಳುವುದು ಕ್ಯಾಲೊರಿಯನ್ನು ಎಂಬ ಮೂಲಸ್ಥಿತಿ ಬದಲಾಗಿಲ್ಲ. ನಾಡಿಯ ಸಂಖ್ಯೆಯನ್ನು ಬಹುಮಟ್ಟಿಗೆ ನಂಬಬಹುದು, ಕ್ಯಾಲೊರಿಯ ಸಂಖ್ಯೆಯನ್ನು ಪರೀಕ್ಷಿಸಿಯೇ ನಂಬಬೇಕು.

ಹೊರಡುವ ಮುನ್ನ ಮಾಡಬೇಕಾದದ್ದು

ಸೂತ್ರಕ್ಕೆ ನಾವು ಕೊಡುವ ಮಾಹಿತಿ ಸತ್ಯವಾಗಿರಬೇಕಾದದ್ದು ಮೊದಲನೆಯ ನಿಯಮ. ಆಪಿನಲ್ಲಿ ತೂಕ, ಎತ್ತರ, ಹುಟ್ಟಿದ ವರ್ಷ ಇವುಗಳನ್ನು ಕೊಂಡ ದಿನ ಒಮ್ಮೆ ತುಂಬಿಸಿ ಮರೆತುಬಿಡುವುದು ಎಲ್ಲೆಡೆಯ ರೂಢಿ. ತೂಕ ಐದಾರು ಕಿಲೊ ಬದಲಾಗಿದ್ದರೂ ಉಪಕರಣಕ್ಕೆ ಅದು ತಿಳಿಯುವುದಿಲ್ಲವಾದ್ದರಿಂದ, ತಿಂಗಳಿಗೊಮ್ಮೆ ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಆಪಿನಲ್ಲಿ ತಿದ್ದಿಕೊಳ್ಳತಕ್ಕದ್ದು. ಗರಿಷ್ಠ ನಾಡಿಗತಿಯನ್ನು ಅನೇಕ ಉಪಕರಣಗಳು 220ರಿಂದ ವಯಸ್ಸನ್ನು ಕಳೆದು ತಾವೇ ಇಟ್ಟುಕೊಂಡಿರುತ್ತವೆ. ಇದು ಸರಾಸರಿ ಮನುಷ್ಯನ ಲೆಕ್ಕವೇ ಹೊರತು ನಿಮ್ಮದಲ್ಲ. ಕಡಿದಾದ ಏರಿನ ತುದಿಯಲ್ಲಿ ನಿಮ್ಮ ನಾಡಿ ಆ ಮಿತಿಯನ್ನು ಮೀರಿ ನಿಲ್ಲುವುದು ಪದೇಪದೇ ಕಂಡುಬಂದರೆ, ಆ ಕಂಡ ಸಂಖ್ಯೆಯನ್ನೇ ಆಪಿನಲ್ಲಿ ನಮೂದಿಸುವುದು ಒಳ್ಳೆಯದು.

ಬ್ಯಾಂಡನ್ನು ಕಟ್ಟುವ ಕ್ರಮಕ್ಕೂ ಅಷ್ಟೇ ಮಹತ್ತ್ವವಿದೆ. ದಿನವೆಲ್ಲ ಕಟ್ಟಿಕೊಳ್ಳುವ ಸಡಿಲವಾದ ರೀತಿಯಲ್ಲಿ ಅದು ಮಣಿಕಟ್ಟಿನ ಮೂಳೆಯ ಮೇಲೆ ಜಾರಾಡುತ್ತಿದ್ದರೆ, ಹೊರಗಿನ ಬೆಳಕು ಸಂವೇದಕಕ್ಕೆ ನುಗ್ಗಿ ಎಣಿಕೆ ಕೆಡುತ್ತದೆ. ಸವಾರಿಗೆ ಹೊರಡುವಾಗ ಮೂಳೆಯ ಉಬ್ಬಿನಿಂದ ಎರಡು ಬೆರಳಗಲ ಮೇಲಕ್ಕೆ ಸರಿಸಿ, ಚರ್ಮಕ್ಕೆ ಒತ್ತಿ ಕೂರುವಂತೆಯೂ ಆದರೆ ರಕ್ತಸಂಚಾರಕ್ಕೆ ತಡೆಯಾಗದಂತೆಯೂ ಬಿಗಿಯಬೇಕು. ಹ್ಯಾಂಡಲ್ಲಿನ ಮೇಲೆ ಭಾರ ಬಿಟ್ಟು ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ ಹಿಡಿಯುವವರಿಗೆ ಅಲ್ಲಿಯ ರಕ್ತಪ್ರವಾಹವೇ ಕುಗ್ಗಿ, ಕೆಟ್ಟ ರಸ್ತೆಯ ಅದುರುವಿಕೆಯೂ ಅದಕ್ಕೆ ಸೇರಿ, ಉಪಕರಣ ಸುಳ್ಳು ನಾಡಿಯನ್ನು ತೋರಿಸುವುದುಂಟು. ಚಳಿಗಾಲದ ಬೆಳಗಿನಲ್ಲಿ ಕೈ ತಣ್ಣಗಾಗಿ ಚರ್ಮದ ನಾಳಗಳು ಸಂಕುಚಿತವಾದಾಗಲೂ, ಸಂವೇದಕದ ಕೆಳಗೆ ಹಚ್ಚೆಯಿದ್ದಾಗಲೂ ಇದೇ ತೊಂದರೆ. ಅಂಥ ಸಂದರ್ಭದಲ್ಲಿ ಹತ್ತು ನಿಮಿಷ ನಿಧಾನವಾಗಿ ತುಳಿದು ಮೈ ಬಿಸಿಯಾದ ಮೇಲೆ ನಾಡಿಯ ಸಂಖ್ಯೆಯನ್ನು ಒಮ್ಮೆ ಪರೀಕ್ಷಿಸುವುದು ಕ್ಷೇಮ. ಸೈಕಲ್ಲನ್ನು ಪಕ್ಕಕ್ಕೆ ನಿಲ್ಲಿಸಿ, ಕತ್ತಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ಉಪಕರಣ ಹೇಳುತ್ತಿರುವುದು ನಿಜವೋ ಅಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಸವಾರಿಯ ಪ್ರಾರಂಭದಲ್ಲಿ 'ಸೈಕ್ಲಿಂಗ್' ಎಂಬ ವಿಭಾಗವನ್ನೇ ಆರಿಸಿ ಗುಂಡಿಯೊತ್ತಬೇಕು. ಉಪಕರಣ ತಾನಾಗಿ ಗುರುತಿಸಲಿ ಎಂದು ಬಿಟ್ಟರೆ ಮೊದಲಿನ ಕೆಲವು ನಿಮಿಷಗಳು ಲೆಕ್ಕದಿಂದ ಬಿಟ್ಟುಹೋಗುವುದು ಸಾಧಾರಣ. ನಡಿಗೆಯ ವಿಭಾಗದಲ್ಲಿ ಸವಾರಿ ಮಾಡಿದರೆ ಸೂತ್ರವೇ ಬೇರೆಯಾಗುತ್ತದೆ. ಹೊರಗಿನ ಸವಾರಿಗೂ ಮನೆಯೊಳಗೆ ಸ್ಟ್ಯಾಂಡಿನ ಮೇಲೆ ತುಳಿಯುವುದಕ್ಕೂ ಬೇರೆ ಬೇರೆ ವಿಭಾಗಗಳಿದ್ದರೆ ಸರಿಯಾದುದನ್ನೇ ಆರಿಸತಕ್ಕದ್ದು. ಸಿಗ್ನಲ್ಲಿನಲ್ಲಿ ನಿಂತಾಗ, ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ಲೆಕ್ಕ ತಾನಾಗಿ ನಿಲ್ಲುವ ಏರ್ಪಾಟು ಇದ್ದರೆ ಅದನ್ನು ಚಾಲೂ ಮಾಡಿಟ್ಟುಕೊಳ್ಳಬೇಕು. ಚಲಿಸುತ್ತಿರುವಾಗ ಮಾತ್ರ ಮಣಿಕಟ್ಟನ್ನು ತಿರುಗಿಸಿ ಸಂಖ್ಯೆಯನ್ನು ಓದುವ ಅಭ್ಯಾಸ ಸರ್ವಥಾ ಬೇಡ. ರಸ್ತೆಯಿಂದ ದೃಷ್ಟಿ ತೆಗೆದ ಎರಡು ಕ್ಷಣಕ್ಕೆ ತೆರಬೇಕಾಗಬಹುದಾದ ಬೆಲೆಯ ಮುಂದೆ ಯಾವ ಲೆಕ್ಕವೂ ದೊಡ್ಡದಲ್ಲ.

ಲೆಕ್ಕವನ್ನು ಒರೆಗೆ ಹಚ್ಚುವುದು

ಸವಾರಿ ಮುಗಿದ ಮೇಲೆ ಮೊದಲು ನೋಡಬೇಕಾದದ್ದು, ತೋರಿಸಿದ ಸಂಖ್ಯೆ ಒಟ್ಟು ವ್ಯಯವೋ ಸಕ್ರಿಯ ವ್ಯಯವೋ ಎಂಬುದನ್ನು. ಸುಮ್ಮನೆ ಕುಳಿತಿದ್ದರೂ ದೇಹ ಪ್ರತಿಯೊಂದು ಕಿಲೊ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೊಕ್ಯಾಲೊರಿಯಂತೆ ವ್ಯಯಿಸುತ್ತಲೇ ಇರುತ್ತದೆ. 65 ಕಿಲೊ ತೂಕದವನಿಗೆ ಇದು ಗಂಟೆಗೆ 65. ಒಟ್ಟು ವ್ಯಯದಲ್ಲಿ ಈ ಅಂಶವೂ ಸೇರಿರುತ್ತದೆ, ಸಕ್ರಿಯ ವ್ಯಯದಲ್ಲಿ ಇದನ್ನು ಕಳೆದಿರುತ್ತಾರೆ. ಸವಾರಿಯಿಂದಾಗಿಯೇ ಹೆಚ್ಚುವರಿಯಾಗಿ ಖರ್ಚಾದದ್ದು ಎಷ್ಟೆಂದು ತಿಳಿಯಬೇಕಾದವರು ಸಕ್ರಿಯ ವ್ಯಯವನ್ನೇ ಹಿಡಿಯಬೇಕು. ಒಂದು ಆಪ್ ಒಟ್ಟನ್ನೂ ಇನ್ನೊಂದು ಸಕ್ರಿಯವನ್ನೂ ತೋರಿಸುವುದರಿಂದ, ಇಬ್ಬರು ಸ್ನೇಹಿತರು ಒಂದೇ ದಾರಿಯಲ್ಲಿ ಒಟ್ಟಿಗೆ ಹೋಗಿ ಬಂದು ಸಂಖ್ಯೆಗಳನ್ನು ಹೋಲಿಸಿ ವಾದಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ.

ಎರಡನೆಯದು ವೇಗದಿಂದ ಕಟ್ಟುವ ಅಂದಾಜು. ದೇಹಶ್ರಮದ ಬಗೆಬಗೆಯ ಚಟುವಟಿಕೆಗಳಿಗೆ ವಿಶ್ರಾಂತಿಯ ಎಷ್ಟು ಪಟ್ಟು ಶಕ್ತಿ ಬೇಕೆಂದು ಪಟ್ಟಿಮಾಡಿದ ಕೋಷ್ಟಕವೊಂದನ್ನು ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಮೊದಲು ಪ್ರಕಟಿಸಿ ಅನಂತರ ಪರಿಷ್ಕರಿಸುತ್ತ ಬಂದಿದ್ದಾರೆ. 2011ರ ಪರಿಷ್ಕರಣದ ಪ್ರಕಾರ ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗದ ಸವಾರಿಗೆ 6.8 ಪಟ್ಟು, 19ರಿಂದ 22ಕ್ಕೆ 8 ಪಟ್ಟು, ಸುಮಾರು 22.5ರಿಂದ 25.5ಕ್ಕೆ 10 ಪಟ್ಟು. 65 ಕಿಲೊ ತೂಕದವನು 18 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಸವಾರಿ ಮಾಡಿದರೆ 65 ಗುಣಿಸು 6.8, ಅಂದರೆ 442 ಕಿಲೊಕ್ಯಾಲೊರಿ. ವಿಶ್ರಾಂತಿಯ 65ನ್ನು ಕಳೆದರೆ 377. ಸಮತಟ್ಟಾದ ರಸ್ತೆಯಲ್ಲಿ, ಗಾಳಿಯಿಲ್ಲದ ದಿನ, ಒಬ್ಬನೇ ಹೋಗುವವನಿಗೆ ಈ ಲೆಕ್ಕ ಸ್ಥೂಲವಾಗಿ ಸಲ್ಲುತ್ತದೆ. ಆದರೆ ಕೋಷ್ಟಕಕ್ಕೆ ಎದುರುಗಾಳಿ ತಿಳಿಯದು, ಏರು ತಿಳಿಯದು, ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯನ್ನು ತಪ್ಪಿಸಿಕೊಂಡದ್ದೂ ತಿಳಿಯದು. ಮೈಸೂರಿನಲ್ಲಿ 2017ರಿಂದ ಬಾಡಿಗೆಗೆ ದೊರೆಯತೊಡಗಿದ 'ಟ್ರಿಣ್ ಟ್ರಿಣ್' ಸೈಕಲ್ಲನ್ನೋ ಸುಮಾರು 20 ಕಿಲೊ ತೂಗುವ ಹಳೆಯ ಮಾದರಿಯ ಸೈಕಲ್ಲನ್ನೋ ತುಳಿಯುವವನು, ಹಗುರವಾದ ರೇಸಿಂಗ್ ಸೈಕಲ್ಲಿನವನ ವೇಗವನ್ನೇ ಸಾಧಿಸಬೇಕಾದರೆ ಹೆಚ್ಚು ಶಕ್ತಿ ಕೊಡಬೇಕಾಗುವುದನ್ನೂ ಅದು ಎಣಿಸುವುದಿಲ್ಲ. ಗಾಳಿಯ ತಡೆಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತವಾಗಿ ಏರುವುದರಿಂದ, ಸಮತಟ್ಟಿನಲ್ಲಿ ವೇಗದ ಸಣ್ಣ ವ್ಯತ್ಯಾಸವೂ ಲೆಕ್ಕವನ್ನು ಬಹಳ ಬದಲಿಸುತ್ತದೆ.

ಮೂರನೆಯದೇ ನಿಜವಾದ ಒರೆಗಲ್ಲು: ಬೆಟ್ಟದ ಏರು. ಕಡಿದಾದ ಏರಿನಲ್ಲಿ ವೇಗ ಕಡಿಮೆಯಾದ್ದರಿಂದ ಗಾಳಿಯ ತಡೆ ಅತ್ಯಲ್ಪ. ಸವಾರನು ಮಾಡುವ ಕೆಲಸವೆಲ್ಲ ಬಹುತೇಕ ತನ್ನನ್ನೂ ಸೈಕಲ್ಲನ್ನೂ ಭೂಮಿಯ ಆಕರ್ಷಣೆಗೆ ವಿರುದ್ಧವಾಗಿ ಎತ್ತುವುದೇ ಆಗಿರುತ್ತದೆ. ಬೆಂಗಳೂರಿನ ಸವಾರರಿಗೆ ಚಿರಪರಿಚಿತವಾದ ನಂದಿಬೆಟ್ಟವನ್ನೇ ತೆಗೆದುಕೊಳ್ಳೋಣ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ತಿರುವು ತಿರುವಾಗಿ ಏಳೆಂಟು ಕಿಲೋಮೀಟರ್ ಏರುವಾಗ ಸವಾರನು ಸುಮಾರು 450 ಮೀಟರ್ ಎತ್ತರಕ್ಕೆ ಹೋಗುತ್ತಾನೆ. ಸವಾರ 65 ಕಿಲೊ, ಸೈಕಲ್ಲೂ ನೀರಿನ ಬಾಟಲಿಯೂ ಕೂಡಿ 10 ಕಿಲೊ, ಒಟ್ಟು 75 ಕಿಲೊ ಎಂದಿಟ್ಟುಕೊಳ್ಳಿ. ತೂಕವನ್ನು ಎತ್ತರದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಕೆಲಸದ ಪ್ರಮಾಣ ಕಿಲೊಜೌಲ್‌ಗಳಲ್ಲಿ ಸಿಕ್ಕುತ್ತದೆ. ಇಲ್ಲಿ ಅದು ಸುಮಾರು 337. ಟೈರಿನ ಘರ್ಷಣೆಗೂ ಅಲ್ಪವಾದ ಗಾಳಿಗೂ ಹತ್ತರಲ್ಲೊಂದು ಪಾಲು ಸೇರಿಸಿದರೆ 370ರಷ್ಟಾಗುತ್ತದೆ. ಈಗ ನೋಡಿ, ಪ್ರಕೃತಿಯ ಒಂದು ಆಕಸ್ಮಿಕ ಅನುಕೂಲ ನಮ್ಮ ಸಹಾಯಕ್ಕೆ ಬರುತ್ತದೆ. ದೇಹದ ಶಕ್ತಿಯಲ್ಲಿ ಪೆಡಲಿಗೆ ಸಲ್ಲುವುದು ಸುಮಾರು ನಾಲ್ಕನೆಯ ಒಂದು ಪಾಲು. ಒಂದು ಕಿಲೊಕ್ಯಾಲೊರಿಯಲ್ಲಿರುವ ಕಿಲೊಜೌಲ್‌ಗಳೂ ಸುಮಾರು ನಾಲ್ಕು. ಒಂದು ಕಡೆ ನಾಲ್ಕರಿಂದ ಗುಣಿಸಿ ಇನ್ನೊಂದು ಕಡೆ ನಾಲ್ಕರಿಂದ ಭಾಗಿಸಿದಂತಾಗಿ, ಪೆಡಲಿಗೆ ಸಂದ ಕಿಲೊಜೌಲ್‌ಗಳ ಸಂಖ್ಯೆಯೇ ದೇಹ ವ್ಯಯಿಸಿದ ಕಿಲೊಕ್ಯಾಲೊರಿಗಳ ಸಂಖ್ಯೆಯೂ ಆಗಿಬಿಡುತ್ತದೆ. ಹಾಗಾದರೆ ನಂದಿಯ ಏರಿಗೆ 370 ಕಿಲೊಕ್ಯಾಲೊರಿ. ದಕ್ಷತೆಯ ವ್ಯತ್ಯಾಸಕ್ಕೆ ಅವಕಾಶ ಕೊಟ್ಟರೂ 350ರಿಂದ 440ರ ನಡುವೆ ಎಲ್ಲೋ ಒಂದು ಕಡೆ. ನಿಧಾನವಾಗಿ ಏರಿದರೂ ವೇಗವಾಗಿ ಏರಿದರೂ ಎತ್ತಿದ ಭಾರ ಅಷ್ಟೇ, ಏರಿದ ಎತ್ತರ ಅಷ್ಟೇ ಆದ್ದರಿಂದ ಈ ಸಂಖ್ಯೆ ಬಹಳ ಬದಲಾಗದು.

ಪರೀಕ್ಷೆ ಮಾಡುವ ಕ್ರಮ ಹೀಗೆ: ಬುಡದಲ್ಲಿ ನಿಂತು ಹೊಸ ದಾಖಲೆ ಪ್ರಾರಂಭಿಸಿ, ನೆತ್ತಿಯಲ್ಲಿ ಅದನ್ನು ಮುಗಿಸಿ, ಇಳಿಯುವಿಕೆಯನ್ನು ಅದರಲ್ಲಿ ಸೇರಿಸದೆ ಇಟ್ಟುಕೊಳ್ಳಿ. ಬ್ಯಾಂಡಿನ ಒಟ್ಟು ವ್ಯಯ 370ರ ಆಸುಪಾಸಿನಲ್ಲಿದ್ದರೆ ನಿಮ್ಮ ಉಪಕರಣ ನಂಬಿಕೆಗೆ ಅರ್ಹ. 500 ಎಂದು ತೋರಿಸಿದರೆ ಅದು ನಿಮ್ಮ ಮಟ್ಟಿಗೆ ಉತ್ಪ್ರೇಕ್ಷೆ ಮಾಡುತ್ತಿದೆಯೆಂದು ಅರ್ಥ. 370ನ್ನು 500ರಿಂದ ಭಾಗಿಸಿದರೆ ಬರುವುದು ಸುಮಾರು ಮುಕ್ಕಾಲು. ಬೇರೆ ಬೇರೆ ದಿನಗಳಲ್ಲಿ ಪರೀಕ್ಷಿಸಿದಾಗಲೂ ಅದೇ ಮುಕ್ಕಾಲು ಬಂದರೆ, ಮುಂದೆ ಬ್ಯಾಂಡು ಹೇಳಿದ ಸಂಖ್ಯೆಯಲ್ಲೆಲ್ಲ ಮುಕ್ಕಾಲು ಪಾಲನ್ನೇ ಹಿಡಿಯಿರಿ. ಮೈಸೂರಿನವರು ಚಾಮುಂಡಿ ಬೆಟ್ಟದಲ್ಲಿ, ಮಲೆನಾಡಿನವರು ಯಾವುದಾದರೂ ಘಾಟಿಯಲ್ಲಿ ಇದನ್ನೇ ಮಾಡಬಹುದು. ಬೇಕಾದದ್ದು ಏರಿದ ಎತ್ತರದ ಸರಿಯಾದ ಸಂಖ್ಯೆ ಮಾತ್ರ. ಬೆಟ್ಟವನ್ನು ಇಳಿಯುವಾಗಿನ ಲೆಕ್ಕವನ್ನಂತೂ ಯಾರೂ ಮುಖಬೆಲೆಗೆ ಸ್ವೀಕರಿಸಬಾರದು. ಪೆಡಲು ತುಳಿಯದೆ ಬ್ರೇಕನ್ನಷ್ಟೇ ಹಿಡಿದು ಇಳಿಯುವವನು ಮಾಡುವ ಕೆಲಸ ಅತ್ಯಲ್ಪ. ಆದರೂ ಏರಿನಿಂದ ಉದ್ವೇಗಗೊಂಡ ನಾಡಿ ಇನ್ನೂ ಇಳಿದಿರುವುದಿಲ್ಲವಾದ್ದರಿಂದ ಬ್ಯಾಂಡು ಕ್ಯಾಲೊರಿ ಸೇರಿಸುತ್ತಲೇ ಹೋಗುತ್ತದೆ, ವೇಗವನ್ನು ನೋಡಿ ಲೆಕ್ಕಹಾಕುವ ಮೊಬೈಲ್ ಆಪಾದರೆ ಇಳಿಜಾರಿನ ವೇಗವನ್ನು ಪರಾಕ್ರಮವೆಂದೇ ಭಾವಿಸುತ್ತದೆ.

ಇನ್ನೂ ನಿಷ್ಕೃಷ್ಟವಾಗಿ ತಿಳಿಯಬಯಸುವವರಿಗೆ

ಮಣಿಕಟ್ಟಿಗಿಂತ ಎದೆಗೆ ಕಟ್ಟುವ ಪಟ್ಟಿ ಉತ್ತಮ. ಅದು ಬೆಳಕಿನಿಂದಲ್ಲದೆ ಹೃದಯದ ವಿದ್ಯುತ್ ಸಂಕೇತದಿಂದಲೇ ಬಡಿತವನ್ನು ಎಣಿಸುವುದರಿಂದ, ರಸ್ತೆಯ ಅದುರುವಿಕೆಗೂ ಬಗ್ಗಿದ ಮಣಿಕಟ್ಟಿಗೂ ಕೆಡುವುದಿಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ ಇಂಥ ನಿಸ್ತಂತು ಉಪಕರಣವನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು. ಎದೆಪಟ್ಟಿಯ ಸಂಕೇತವನ್ನು ಬ್ಲೂಟೂತ್ ಮೂಲಕ ಸ್ವೀಕರಿಸುವ ವಾಚುಗಳು ಈಗ ಅನೇಕ ಇವೆ. ಆದರೆ ನಾಡಿ ನಿಖರವಾದರೂ, ನಾಡಿಯಿಂದ ಕ್ಯಾಲೊರಿಯನ್ನು ಊಹಿಸುವ ಸೂತ್ರದ ದೌರ್ಬಲ್ಯ ಹಾಗೆಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಆ ದೌರ್ಬಲ್ಯವನ್ನು ನಿವಾರಿಸುವುದು ಪವರ್ ಮೀಟರ್. ಪೆಡಲಿನಲ್ಲೋ ಕ್ರ್ಯಾಂಕಿನಲ್ಲೋ ಹುದುಗಿಸಿದ ಈ ಸಾಧನ, ಲೋಹ ಪ್ರತಿ ತುಳಿತಕ್ಕೂ ಎಷ್ಟು ಸೂಕ್ಷ್ಮವಾಗಿ ಬಾಗುತ್ತದೆಂಬುದನ್ನು ಗ್ರಹಿಸಿ, ಅದನ್ನು ಸುತ್ತುವ ವೇಗದೊಡನೆ ಸೇರಿಸಿ, ಸವಾರನು ಕೊಡುತ್ತಿರುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ತೋರಿಸುತ್ತದೆ. ಸರಾಸರಿ 100 ವ್ಯಾಟ್‌ನಂತೆ ಒಂದು ಗಂಟೆ ತುಳಿದರೆ 360 ಕಿಲೊಜೌಲ್. ಮೇಲೆ ಹೇಳಿದ ಅನುಕೂಲದಂತೆ ಸುಮಾರು 360 ಕಿಲೊಕ್ಯಾಲೊರಿ. ದುಬಾರಿಯಾದ್ದರಿಂದ ಸ್ಪರ್ಧಾಳುಗಳಿಗಲ್ಲದೆ ಇತರರಿಗೆ ಇದು ಅವಶ್ಯವಲ್ಲ; ವ್ಯಾಟ್ ತೋರಿಸುವ ಸೈಕಲ್ಲುಗಳಿರುವ ಜಿಮ್ಮಿಗೆ ಹೋಗಿ, ಬ್ಯಾಂಡನ್ನು ಕಟ್ಟಿಕೊಂಡು ಅರ್ಧ ಗಂಟೆ ತುಳಿದು ಎರಡರ ಲೆಕ್ಕವನ್ನು ಹೋಲಿಸಿದರೂ ನಿಮ್ಮ ಬ್ಯಾಂಡಿನ ಸ್ವಭಾವ ತಿಳಿಯುತ್ತದೆ. ಬ್ಯಾಟರಿ ಸೈಕಲ್ಲಿನವರು ಮಾತ್ರ ದೂರ ಮತ್ತು ವೇಗದ ಲೆಕ್ಕವನ್ನು ಸಂಪೂರ್ಣ ಬದಿಗಿಟ್ಟು ನಾಡಿಯನ್ನಷ್ಟೇ ಅನುಸರಿಸಬೇಕು, ಏಕೆಂದರೆ ಆ ವೇಗದಲ್ಲಿ ಮೋಟಾರಿನ ಪಾಲೂ ಇದೆ.

ನಾಡಿಯನ್ನೇ ನಂಬಬಾರದ ಸಂದರ್ಭಗಳೂ ಇವೆ. ವಿಜಯಪುರ, ಬಾಗಲಕೋಟೆಗಳು ಕರ್ನಾಟಕಕ್ಕೆ ಒಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟ ಪ್ರದೇಶ. ಅಲ್ಲಿಯ ಬೇಸಗೆಯಲ್ಲಿ ದೀರ್ಘಕಾಲ ತುಳಿಯುವವನ ದೇಹ ಬೆವರಿನಿಂದ ನೀರನ್ನು ಕಳೆದುಕೊಂಡು, ರಕ್ತದ ಒಂದು ಭಾಗ ಮೈಯನ್ನು ತಂಪಾಗಿಸಲು ಚರ್ಮದ ಕಡೆಗೆ ಹರಿದು, ಕೆಲಸ ಸ್ವಲ್ಪವೂ ಹೆಚ್ಚದಿದ್ದರೂ ನಾಡಿ ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ. ಆಗ ಬ್ಯಾಂಡಿನ ಕ್ಯಾಲೊರಿಯೂ ಏರುತ್ತದೆ. ಅದು ಬಿಸಿಲಿನ ಲೆಕ್ಕವೇ ಹೊರತು ಶ್ರಮದ್ದಲ್ಲ. ಇದಕ್ಕೆ ವಿಪರ್ಯಯವಾಗಿ, ರಕ್ತದೊತ್ತಡಕ್ಕೋ ಹೃದ್ರೋಗಕ್ಕೋ ಬೀಟಾ ಬ್ಲಾಕರ್ ಎಂಬ ವರ್ಗದ ಔಷಧ ಸೇವಿಸುವವರ ನಾಡಿ ಔಷಧದ ಪ್ರಭಾವದಿಂದ ಅಷ್ಟಾಗಿ ಏರುವುದಿಲ್ಲವಾದ್ದರಿಂದ, ಅವರ ಶ್ರಮವನ್ನು ಬ್ಯಾಂಡು ಕಡಿಮೆ ಮಾಡಿ ತೋರಿಸುತ್ತದೆ. ಅಂಥವರು ಸಂಖ್ಯೆಯನ್ನು ಹಿಂಬಾಲಿಸಿ ತಮ್ಮನ್ನು ದಣಿಸಿಕೊಳ್ಳದೆ, ಎಷ್ಟು ಶ್ರಮ ಯೋಗ್ಯವೆಂಬುದನ್ನು ವೈದ್ಯರನ್ನು ಕೇಳಿಯೇ ನಿಶ್ಚಯಿಸತಕ್ಕದ್ದು. ಎದೆನೋವು, ತಲೆಸುತ್ತು, ಅಸಹಜವಾದ ಉಬ್ಬಸ ಕಾಣಿಸಿಕೊಂಡರೆ ಬ್ಯಾಂಡು ಏನೇ ಹೇಳಲಿ, ಯಾರೇ ಆಗಲಿ, ಕೂಡಲೆ ನಿಲ್ಲಿಸಬೇಕು.

ಲೆಕ್ಕವನ್ನು ಊಟಕ್ಕೆ ಅನ್ವಯಿಸುವ ವಿವೇಕ

ಭಾನುವಾರದ ಸವಾರಿ ಸಾಮಾನ್ಯವಾಗಿ ಹೋಟೆಲಿನ ಮುಂದೆ ಮುಗಿಯುತ್ತದೆ. ಅದು ಸ್ನೇಹದ ಒಂದು ಸಂತೋಷ, ಅದನ್ನು ಬಿಡಬೇಕಾಗಿಲ್ಲ. ಆದರೆ ಬ್ಯಾಂಡು 500 ಎಂದಿತೆಂಬ ಧೈರ್ಯದಿಂದ 500 ಕ್ಯಾಲೊರಿಯನ್ನು ತಿಂದು ತುಂಬಿಸಿಕೊಂಡರೆ, ನಿಜವಾದ ವ್ಯಯ 370 ಆಗಿದ್ದಾಗ, ಸವಾರಿ ಮಾಡಿಯೂ ತೂಕ ಏರುವ ವಿಪರೀತ ಒದಗುತ್ತದೆ. ಪಿಷ್ಟ ಮತ್ತು ಸಕ್ಕರೆಯಲ್ಲಿ ಗ್ರಾಮಿಗೆ 4, ಕೊಬ್ಬಿನಲ್ಲಿ 9 ಕಿಲೊಕ್ಯಾಲೊರಿ ಇರುವುದನ್ನು ನೆನಪಿಟ್ಟರೆ, ಬಿಸಿ ದೋಸೆಯ ಸುತ್ತ ಹರಿದ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಅಡಗಿದೆಯೆಂಬುದು ಹೊಳೆಯುತ್ತದೆ. ನಂದಿಯ ಏರಿನ ಮೂರನೆಯ ಒಂದು ಪಾಲು ಅಲ್ಲೇ ಸರಿಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸೂಚಿಸಿದಂತೆ, ಕುಳಿತು ಕೆಲಸ ಮಾಡುವ 65 ಕಿಲೊ ತೂಕದ ಪುರುಷನಿಗೆ ದಿನಕ್ಕೆ 2,110, 55 ಕಿಲೊ ತೂಕದ ಸ್ತ್ರೀಗೆ 1,660 ಕಿಲೊಕ್ಯಾಲೊರಿ ಸಾಕು. ತೂಕ ಇಳಿಸಬೇಕೆನ್ನುವವರು, ಪರೀಕ್ಷಿಸಿ ತಿದ್ದಿದ ಸಂಖ್ಯೆಯಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಆಹಾರದ ಮೂಲಕ ಹಿಂತಿರುಗಿಸದಿರುವುದು ಒಳ್ಳೆಯದು. ಒಂದೂವರೆ ಗಂಟೆಗೂ ಮೀರಿದ ಸವಾರಿಯಲ್ಲಿ ಮಾತ್ರ ಈ ಜಿಪುಣತನ ಸಲ್ಲದು. ಆಗ ದಾರಿಯಲ್ಲೇ ಬಾಳೆಹಣ್ಣನ್ನೋ ಬೆಲ್ಲವನ್ನೋ ನೀರಿನೊಡನೆ ಸೇವಿಸದಿದ್ದರೆ ಕಾಲುಗಳಲ್ಲಿ ಶಕ್ತಿಯೇ ಉಡುಗಿಹೋದೀತು.

ಕೊನೆಯದಾಗಿ, ಅಭ್ಯಾಸ ಬಲಿತಂತೆ ಹಲವರನ್ನು ಕಳವಳಗೊಳಿಸುವ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ತಿಂಗಳುಗಟ್ಟಲೆ ನಿಯಮಿತವಾಗಿ ತುಳಿದವನ ಹೃದಯ ಸದೃಢವಾಗಿ, ಅದೇ ದಾರಿಯನ್ನು ಅದೇ ವೇಗದಲ್ಲಿ ಕ್ರಮಿಸಲು ಮೊದಲಿಗಿಂತ ಕಡಿಮೆ ಬಡಿತಗಳೇ ಸಾಕಾಗುತ್ತವೆ. ನಾಡಿ ಇಳಿದುದರಿಂದ ಬ್ಯಾಂಡಿನ ಕ್ಯಾಲೊರಿಯೂ ಇಳಿಯುತ್ತದೆ. ವಾಸ್ತವವಾಗಿ ಮಾಡಿದ ಕೆಲಸ ಕಡಿಮೆಯಾಗಿಲ್ಲ, ದೇಹದ ಸಾಮರ್ಥ್ಯ ಹೆಚ್ಚಿದೆ. ಈ ಇಳಿತವನ್ನು ನಷ್ಟವೆಂದು ತಿಳಿಯದೆ, ಸಾಧನೆಯೆಂದೇ ತಿಳಿಯಬೇಕು. ಆದುದರಿಂದ ಒಂದು ದಿನದ ಸಂಖ್ಯೆಗೆ ಮಹತ್ತ್ವ ಕೊಡದೆ, ಅದೇ ಉಪಕರಣವನ್ನು ಅದೇ ಕ್ರಮದಲ್ಲಿ ಕಟ್ಟಿ, ವಾರದ ಒಟ್ಟು ಸವಾರಿಯ ನಿಮಿಷಗಳು, ಪರಿಚಿತ ದಾರಿಯ ಸರಾಸರಿ ನಾಡಿ, ತಿಂಗಳ ತೂಕ ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಮೇಲು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನಾಗಲಿ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನಾಗಲಿ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ; ಅದು ನಿಮಿಷಗಳ ಲೆಕ್ಕವೆಂಬುದನ್ನೂ ಕ್ಯಾಲೊರಿಯದಲ್ಲವೆಂಬುದನ್ನೂ ಗಮನಿಸತಕ್ಕದ್ದು. ಬ್ಯಾಂಡು ಕೊಂಡವರು ಮುಂದಿನ ರಜಾದಿನ ಮಾಡಬೇಕಾದ ಮೊದಲ ಕೆಲಸ ಇಷ್ಟೇ: ನಿಮಗೆ ಹತ್ತಿರದ ಒಂದು ಏರನ್ನು ಆರಿಸಿ, ಸೈಕಲ್ಲಿನೊಡನೆ ನಿಮ್ಮನ್ನು ತೂಗಿಕೊಂಡು, ಎತ್ತರವನ್ನು ತಿಳಿದುಕೊಂಡು, ಏರಿ, ಗುಣಿಸಿ, ಭಾಗಿಸಿ ನಿಮ್ಮ ಉಪಕರಣದ ತಪ್ಪೊಪ್ಪನ್ನು ನೀವೇ ಕಂಡುಕೊಳ್ಳಿ. ಆ ಒಂದು ಬೆಳಗಿನ ಪರಿಶ್ರಮದಿಂದ ಮುಂದಿನ ಸವಾರಿಗಳೆಲ್ಲದರ ಲೆಕ್ಕ ನೆಟ್ಟಗಾಗುತ್ತದೆ.